ಕೂತವರ ಪ್ಯಾಂಟಿಗೆ ಒಂದು ನಿಮಿಷ

ಆಸ್ಪತ್ರೆ ಸಾಮಾನಿನ ದೊಡ್ಡ ಅಂಗಡಿಯ ಯಜಮಾನರು ಶುಕ್ರವಾರ ನನಗೆ ಕೊಟ್ಟದ್ದು ಒಂದೇ ಒಂದು ನಿಮಿಷ. ಗಾಲಿಕುರ್ಚಿಯಲ್ಲಿ ಕೂರುವವರಿಗೆಂದೇ ನಾನು ಹೊಲಿಯುವ ಪ್ಯಾಂಟುಗಳನ್ನು ಅಂಗಡಿಯಲ್ಲಿಡಲು ಅಷ್ಟರಲ್ಲಿ ಅವರನ್ನು ಒಪ್ಪಿಸಬೇಕು. ಒಪ್ಪಿದರೆ ಯೂನಿಫಾರ್ಮ್ ಕಾರ್ಖಾನೆಗೆ ದೊಡ್ಡ ನಮಸ್ಕಾರ. ಹದಿನಾಲ್ಕು ವರ್ಷದಿಂದ ಅಲ್ಲಿ ಬರೀ ಕಾಲರ್ ಹೊಲಿಯುತ್ತಿದ್ದೇನೆ. ಕಾಲರಿನ ಕೆಳಗೆ ಅಂಗಿಯೂ ಇರುತ್ತದೆಂಬುದು ಮರೆತೇಹೋಗಿದೆ.

ಗುರುವಾರ ಸಂಜೆ ನಮ್ಮ ಮನೆಯಲ್ಲಿ ತಾಲೀಮು. ಕೇಳಲು ಬಂದವರು ಬೀದಿ ಮೂಲೆಯ ಸಲೂನಿನಣ್ಣ, ಪಕ್ಕದ ಮನೆಯ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಕಿಟಕಿಯ ಹತ್ತಿರ ತನ್ನ ಗಾಲಿಕುರ್ಚಿಯಲ್ಲಿ ನನ್ನಕ್ಕ. ಮೇಷ್ಟ್ರು ಮೊದಲೇ ಒಂದು ಕಾನೂನು ಮಾಡಿದರು.

"ಚೆನ್ನಾಗಿದೆ ಅಂತ ಯಾರೂ ಹೇಳೋ ಹಾಗಿಲ್ಲ. ಎಲ್ಲಿ ಬೇಜಾರಾಯ್ತೋ ಅಲ್ಲಿ ಬ್ರೇಕ್ ಒತ್ತೋದು."

ಕಲಿಯುವವರ ಪಕ್ಕ ಕೂತೂ ಕೂತೂ ಪಾಪ, ಅವರ ಕಾಲಿಗೆ ಅದೇ ಚಟ. ನಾನು ಗಂಟಲು ಸರಿಮಾಡಿಕೊಂಡೆ.

"ನಮಸ್ಕಾರ. ಹೊಲಿಗೆ ಕ್ಷೇತ್ರದಲ್ಲಿ ಹದಿನಾಲ್ಕು ವರ್ಷಗಳ ಸುದೀರ್ಘ..."

ಧಡ್! ಮೇಷ್ಟ್ರ ಕಾಲು ನೆಲಕ್ಕೆ ಅಪ್ಪಳಿಸಿತು.

"ಇನ್ನೂ ಗಾಡಿ ಸ್ಟಾರ್ಟೇ ಆಗಿಲ್ಲ, ಮೇಷ್ಟ್ರೇ!"

"ನನಗಾಗ್ಲೇ ತೂಕಡಿಕೆ ಬಂತಲ್ಲಮ್ಮ."

ಸೊಂಟದ ಹಿಂಭಾಗ ಎತ್ತರ, ಮುಂಭಾಗ ತಗ್ಗು, ಎರಡೂ ಬದಿಗೆ ಉದ್ದನೆಯ ಜಿಪ್ಪು ಎಂದೆ. ಧಡ್. ಬಟ್ಟೆಯ ಗುಣಗಾನ ಮಾಡಿದೆ. ಧಡ್, ಧಡ್. ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು.

"ನೋಡು, ಅವರಿಗೂ ಹಿಡಿಸ್ಲಿಲ್ಲ," ಎಂದ ಸಲೂನಿನಣ್ಣ. "ಮುಂದುಗಡೆ ಬಹಳ ಉದ್ದ ಇದೆ, ತೆಗೆದುಬಿಡು."

"ಎಷ್ಟು ತೆಗೀಲಿ?"

"ಬೋಳಿಸಿಬಿಡು."

ನಕ್ಕೂ ನಕ್ಕೂ ಮೂವರಿಗೂ ಹೊಟ್ಟೆ ಹುಣ್ಣಾಯಿತು. ಅಕ್ಕ ಮಾತ್ರ ನಗಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ.

"ಹಾಗಾದ್ರೆ ನೀನೇ ಹೇಳಮ್ಮ ಮಹಾತಾಯಿ!"

ಅಕ್ಕ ನಿಧಾನವಾಗಿ ಹೇಳಿದಳು: "ಎಲ್ಲರೂ ಪ್ಯಾಂಟ್ ಹೊಲಿಯೋದು ನಿಂತವರಿಗೆ. ನಾನು ಎದ್ದಾಗಿಂದ ಮಲಗೋವರೆಗೂ ಕೂತೇ ಇರ್ತೀನಿ."

ಮೇಷ್ಟ್ರ ಕಾಲು ಅಲ್ಲಾಡಲಿಲ್ಲ.

"ಇಷ್ಟೊತ್ತು ಜಿಪ್ಪಿನ ಪುರಾಣ ಹೇಳ್ದೆ," ಅಕ್ಕ ಮುಂದುವರಿಸಿದಳು. "ನಾನು ಅಂತ ಒಬ್ಬಳಿದೀನಿ ಅಂತ ಹೇಳ್ಲೇ ಇಲ್ವಲ್ಲೇ."

ನನಗೆ ನಾಚಿಕೆಯಾಯಿತು. "ನಿನ್ನ ತೋರಿಸಿ ವ್ಯಾಪಾರ ಮಾಡ್ದ ಹಾಗಾಗುತ್ತೆ ಅಂತ ಸುಮ್ಮನಿದ್ದೆ ಕಣೇ."

"ತೋರಿಸ್ಬೇಡ. ಕರ್ಕೊಂಡು ಹೋಗು."

ಶುಕ್ರವಾರ ಯಜಮಾನರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು "ಹೂಂ" ಎಂದರು. ನಾನು ಬಾಯಿ ತೆರೆದೆ. ಬೋಳಿಸಿ ಉಳಿದಿದ್ದ ನಾಲ್ಕು ಮಾತೂ ಮಂಗಮಾಯ! ಅಕ್ಕ ನನ್ನ ಮುಖ ನೋಡಿದಳು, ಕುರ್ಚಿಯನ್ನು ಮುಂದಕ್ಕೆ ತಳ್ಳಿಕೊಂಡಳು, ಹಿಂದಿನ ಸಂಜೆಯ ಅದೇ ಎರಡು ಮಾತು ಹೇಳಿದಳು. ಹೇಳಿದ ಮೇಲೆ ನನ್ನಂತೆ ಬಾಲ ಸೇರಿಸದೆ ಸುಮ್ಮನಾದಳು. ಇನ್ನೂ ಅರ್ಧ ನಿಮಿಷ ಮಿಕ್ಕಿತ್ತು.

ಯಜಮಾನರು ಪ್ಯಾಂಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ದಿನವಿಡೀ ಕೂತ್ರೆ ಎಲ್ಲೂ ಒತ್ತಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

"ನಾನೇ ಗ್ಯಾರಂಟಿ," ಎಂದಳು ಅಕ್ಕ. "ಪ್ರತಿ ಹೊಸ ಮಾದರಿ ಹಾಕ್ಕೊಂಡು ಇಡೀ ದಿನ ಕೂರ್ತೀನಿ. ಒತ್ತಿದ ಕಡೆಯೆಲ್ಲ ಇವಳಿಗೆ ಬೈದು ಬಿಚ್ಚಿಸ್ತೀನಿ. ಇದನ್ನ ಒಂಬತ್ತು ಸಲ ಬಿಚ್ಚಿಸಿದೀನಿ."

"ಹನ್ನೊಂದು," ಎಂದೆ ನಾನು. ಕೊನೆಗೂ ಬಾಯಿ ಬಂತು.

ಯಜಮಾನರು ನಕ್ಕುಬಿಟ್ಟರು. "ಮೊದಲು ನಲವತ್ತು ಕೊಡಿ, ನೋಡೋಣ," ಎಂದು ಒಂದು ಅರ್ಜಿ ಮುಂದೆ ತಳ್ಳಿದರು. ಕಾಲರ್ ಕಾರ್ಖಾನೆ ಕಣ್ಣೆದುರೇ ಕುಸಿದಂತಾಗಿ ನನಗೆ ಕುಣಿಯಬೇಕೆನಿಸಿತು. ಪೆನ್ನು ತೆಗೆದುಕೊಂಡೆ. 'ಮಾಲೀಕರ ಹೆಸರು' ಎಂಬಲ್ಲಿ ಅಭ್ಯಾಸಬಲದಿಂದ ನನ್ನದನ್ನು ಬರೆದೆ. ಅಷ್ಟು ಬರೆದು ನಿಲ್ಲಿಸಿದೆ. ಹನ್ನೊಂದು ಸಲ ಬಿಚ್ಚಿಸಿದವಳು ಪಕ್ಕದಲ್ಲೇ ಇದ್ದಳು. ಒಂದು ಅಲ್ಪವಿರಾಮ ಹಾಕಿ ಅವಳ ಹೆಸರನ್ನೂ ಬರೆದೆ.

ಅಕ್ಕ ಬಗ್ಗಿ ಓದಿದಳು. ಅವಳ ಕಣ್ಣು ತುಂಬಿಬಂತು.

"ಹೊಡೆದುಹಾಕಿ ಸರಿಯಾಗಿ ಬರಿ," ಎಂದಳು. "ದೊಡ್ಡವಳು ನಾನು. ನನ್ನ ಹೆಸರು ಮೊದಲು ಬರ್ಬೇಕು."