ತಾನೇ ಹುಟ್ಟಿದ ಗಿಡಗಳು

ಗಣಿ ಕಂಪನಿ ಒಂದು ಗುಡ್ಡ ಅಗೆದು ಮುಗಿಸಿತ್ತು. ಅದಕ್ಕೆ ಬದಲಾಗಿ ಬೇರೆಲ್ಲೋ ಮುನ್ನೂರು ಎಕರೆ ಕೊಂಡು ಕಾಡಿಗೆಂದು ಬಿಟ್ಟು, ನೋಡಿಕೊಳ್ಳಲು ಟ್ರಸ್ಟೊಂದನ್ನು ಇಟ್ಟಿತ್ತು. ಕಡಿದ ಮರದ ಜಾತಿಯದ್ದೇ ಐನೂರು ಸಸಿಗಳನ್ನು ಅಲ್ಲಿ ನೆಡಬೇಕು, ಮೂರು ವರ್ಷದ ಮೇಲೆ ನಾನೂರಾದರೂ ಬದುಕಿರಬೇಕು. ಆಮೇಲೆಯೇ ಗಣಿಯ ಪಕ್ಕದ ಗುಡ್ಡಕ್ಕೆ ಯಂತ್ರ ಹತ್ತಿಸಬಹುದು. ಇದು ಕರಾರು.

ಬದುಕಿದ್ದು ನಲವತ್ತೊಂದು. ಮೊದಲ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬರಲೇ ಇಲ್ಲ. ಸತ್ತವುಗಳ ನಂಬರು ಬಿಲ್ಲೆಗಳನ್ನು ನರ್ಸರಿಯ ಮೇಸ್ತ್ರಿ ಹೆಂಗಸು ಬಿಚ್ಚಿ, ಹಕ್ಕಿ ಉದುರಿಸಿದ ಬೀಜದಿಂದ ಅಲ್ಲೇ ತಾನಾಗಿ ಹುಟ್ಟಿದ್ದ ಅದೇ ಜಾತಿಯ ಗಿಡಗಳಿಗೆ ಕಟ್ಟಿದ್ದಳು. ಹಾಗೆ ಮಾಡೆಂದು ಸೂಪರ್‌ವೈಸರ್ ಬಾಯಿಬಿಟ್ಟು ಹೇಳಿರಲಿಲ್ಲ. ಬಿಲ್ಲೆ ನಾನೂರಕ್ಕೆ ಕಡಿಮೆಯಾಗದಿದ್ದರೆ ಸಾಕು, ಮಿಕ್ಕಿದ್ದು ನಿಮಗೆ ಬಿಟ್ಟದ್ದು ಅಕ್ಕಾ ಎಂದು ಮೂಗು ಒರೆಸಿಕೊಂಡು ಹೋಗಿದ್ದ, ಅಷ್ಟೆ. ಅವಳ ಗಂಡ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದ. ಹಳೆಯ ಗುಂಡಿ ಬರಿದಾಗಿತ್ತು. ಹೊಸ ಗುಡ್ಡ ಸಿಗದಿದ್ದರೆ ಅವನು ಮನೆಯಲ್ಲಿ ಕೂರಬೇಕಿತ್ತು.

ತಪಾಸಣೆಗೆ ಬಂದ ಟ್ರಸ್ಟಿನ ಮೇಡಂಗೆ ವಯಸ್ಸಾಗಿತ್ತು, ಮಂಡಿನೋವು ಬೇರೆ. ಆದರೂ ಬಿಲ್ಲೆಗಳನ್ನು ಒಂದೂ ಬಿಡದೆ ಎಣಿಸಿದರು. ಕೊನೆಗೆ ಒಂದು ಗಿಡದ ಬೇರು ನೋಡಬೇಕು ಎಂದರು. ಚೀಲದಲ್ಲಿ ಬೆಳೆಸಿದ ಸಸಿಯ ಬೇರು ಚೀಲದೊಳಗೇ ಸುತ್ತಿಕೊಂಡಿರುತ್ತದೆ, ತಾನೇ ಹುಟ್ಟಿದ್ದರ ಬೇರು ಮೊಳೆ ಹೊಡೆದ ಹಾಗೆ ನೆಟ್ಟಗೆ ಇಳಿದಿರುತ್ತದೆ.

ಮೇಡಂ ಕಲ್ಲೊಂದರ ಮೇಲೆ ಕೂತು ಮಂಡಿ ನೀವಿಕೊಂಡರು. "ನೀವೇ ಯಾವುದಾದ್ರೂ ಒಂದು ಅಗೆದು ತನ್ನಿಯಮ್ಮ. ನನಗೆ ನಿಮ್ಮ ಮೇಲೆ ನಂಬಿಕೆ ಇದೆ."

ಸನಿಕೆ ಹಿಡಿದು ಅವಳು ಹತ್ತಿರದ ಹನ್ನೊಂದು ಗಿಡಗಳನ್ನು ದಾಟಿ ನಡೆದಳು. ಹನ್ನೆರಡನೆಯದು ನಲವತ್ತೊಂದರಲ್ಲಿ ಒಂದು, ಅವಳದ್ದೇ ಕೂಸು. ಎರಡು ಬೇಸಿಗೆ ಮನೆಯ ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡದ್ದು. ಅಗೆದಳು. ಬೇರು ಸುರುಳಿಯಾಗಿತ್ತು. ಮೇಡಂ ಅದನ್ನು ಬೆರಳಿನಿಂದ ಸವರಿ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದರು.

"ಪಾಪ, ಚೆನ್ನಾಗಿ ಬಂದಿತ್ತು. ನಾನೂರರಲ್ಲಿ ಒಂದು ತಾನೆ, ಬೇಜಾರು ಮಾಡ್ಕೋಬೇಡಿ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವಳು ಮೇಡಮ್ಮಿನ ಚೀಲ ಎತ್ತಿಕೊಂಡು ಜೀಪಿನ ತನಕ ಹೋಗಿ ಬಿಟ್ಟು ಬಂದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಗಂಡ ಎಂದೂ ಇಲ್ಲದವನು ತಾನೇ ಅಡಿಗೆ ಮಾಡಿ ಬಡಿಸಿದ. "ನೆಡೋಳು ನೀನು, ಕೀಳೋನು ನಾನು. ನಮ್ಮಂಥ ಜೋಡಿ ಬೇರೆ ಎಲ್ಲಿ ಸಿಗತ್ತೆ ಕಂಪನಿಗೆ?"

ಅವಳು ತಟ್ಟೆ ಮುಟ್ಟದೆ ಎಲ್ಲವನ್ನೂ ಹೇಳಿದಳು. ಬಿಲ್ಲೆ, ಬೇರು, ದಾಟಿ ಹೋದ ಹನ್ನೊಂದು ಗಿಡ. ಅವನ ಬಾಯಲ್ಲಿ ತುತ್ತು ನಿಂತಿತು.

"ನನಗ್ಯಾಕೆ ಹೇಳಿದೆ ಇದನ್ನ?"

"ಇನ್ಯಾರಿಗೆ ಹೇಳ್ಲಿ?"

"ಆ ಮೇಡಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ನಿಮ್ಮ ಗಾಡಿ ನಿಲ್ತಿತ್ತು." ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದಳು: "ಈಗ್ಲೂ ಫೋನು ಮಾಡಬಹುದು. ಮಾಡ್ಲಾ?"

ಅವನು ತಟ್ಟೆಯಲ್ಲಿದ್ದುದನ್ನು ಒಂದು ಅಗುಳೂ ಬಿಡದೆ ತಿಂದು ಮುಗಿಸಿದ. ಕೈ ತೊಳೆದ. ಬೇಡ ಎನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಅವನ ಬಾಯಿಂದ ಬೇಡ ಎನ್ನುವುದು ಹೊರಟರೆ ತನ್ನ ಹೊರೆ ಅರ್ಧವಾದರೂ ಇಳಿದೀತೆಂದು ಅವಳು ಬಾಗಿಲಲ್ಲಿ ಕಾದು ನಿಂತಳು. ಅವನು ಪಕ್ಕದಿಂದ ಹಾದು ಒಳಗೆ ಹೋದ.

ಹೊಸ ಗುಡ್ಡದ ಮೊದಲ ಪಾಳಿಗೆ ಅವನನ್ನು ಎಬ್ಬಿಸಿ ಕಳಿಸಿದವಳು ಅವಳೇ.