ಬೆನ್ನ ಹಿಂದಿನ ನಡಿಗೆ

ಮುಂಬಯಿಯ ಕಬ್ಬಿಣವೆಲ್ಲ ನನ್ನ ಹೆಸರು ಕೇಳಿದರೇ ಮೆತ್ತಗಾಗುತ್ತಿದ್ದ ಕಾಲ ಅದು. ನಾನು, ಇಳಕಲ್ಲಿನ ಚಾಂದಸಾಬ, ಗೋರೆಗಾಂವದಲ್ಲಿ ಕೂತು ವೆಲ್ಡಿಂಗ್ ಹಚ್ಚಿದರೆ ಕಿಡಿ ವಿಲೆ ಪಾರ್ಲೆಯ ಮೇಲೆ ಹಾರಿ, ಇಳಿಯಲು ಬಂದ ವಿಮಾನಗಳು ಹೆದರಿ ಇನ್ನೊಂದು ಸುತ್ತು ಹೊಡೆಯುತ್ತಿದ್ದವು. ನಂಬದವರು ಆ ವಿಮಾನಗಳನ್ನೇ ಕೇಳಬಹುದು. ಹೀಗಾಗಿ ಪಾರ್ಲೆಯ ಒಂದು ಎಂಜಿನಿಯರಿಂಗ್ ಸಂಸ್ಥೆಯವರು ಮನುಷ್ಯರಂತೆ ಎರಡು ಕಾಲಿನ ಮೇಲೆ ನಡೆಯುವ ಯಂತ್ರ ಮಾಡಲು ಹೊರಟಾಗ, ಇಡೀ ಹಿಂದುಸ್ತಾನ ಹುಡುಕಿ ಸೋತು ನನ್ನ ಜೋಪಡಿಯ ಮುಂದೆ ಬಂದು ನಿಂತರು.

ನನ್ನ ಹೆಂಡತಿ ಬೀಬೀಜಾನ ಮಾತ್ರ, "ಯಾರೂ ಬಂದಿಲ್ಲ, ನಿಂತೂ ಇಲ್ಲ. ಧರ್ಮಣ್ಣ ಕಾಕಾಗ ದುಂಬಾಲು ಬಿದ್ದು ನೌಕರಿ ಹಚ್ಚಿಸ್ಕೊಂಡಿ" ಅನ್ನುತ್ತಾಳೆ. ಅವಳಿಗೆ ಇತಿಹಾಸ ತಿಳಿಯದು.

ಧರ್ಮಣ್ಣ ಕಾಕಾ ನಮ್ಮ ಕಡೆಯವನು, ಹುನಗುಂದದ ಹತ್ತಿರದವನು. ಜೋಪಡಿಗೆ ಜೋಪಡಿ ಅಂಟಿಕೊಂಡ ನೆರೆ. ಅವನೂ ಅವನ ಹೆಂಡತಿ ಹನುಮವ್ವನೂ ಆ ಸಂಸ್ಥೆಯ ಹೊಸ ಬಿಲ್ಡಿಂಗಿಗೆ ಇಟ್ಟಿಗೆ ಹೊತ್ತವರು. ಬೆಳಗ್ಗೆ ಗೋರೆಗಾಂವ್ ಸ್ಟೇಷನ್ನಿಗೆ ಹೋಗುವಾಗ ಕಾಕಾ ಮುಂದೆ, ಹನುಮವ್ವ ನಾಲ್ಕು ಮಾರು ಹಿಂದೆ. ನಮ್ಮ ಕಡೆ ಗಂಡಹೆಂಡತಿ ನಡೆಯುವುದೇ ಹಾಗೆ. ಕಾಕಾ ಒಮ್ಮೆಯೂ ಹಿಂತಿರುಗಿ ನೋಡುತ್ತಿರಲಿಲ್ಲ. ಲೋಕಲ್ಲಿನ ಗದ್ದಲದಲ್ಲಿ ಅವಳು ತಪ್ಪಿಸಿಕೊಂಡರೆ ಏನು ಗತಿ ಎಂದು ನಾನು ಕೇಳಿದ್ದೆ.

"ನೋಡೂದ್ಯಾಕಲೇ? ಕೇಳಸ್ತೈತಲ್ಲ" ಎಂದಿದ್ದ.

ಕೇಳಿಸುತ್ತಿತ್ತು, ನಿಜ. ಬಿದಿರಿನ ಅಟ್ಟಣಿಗೆಯ ಮೇಲೆ ಹಲಗೆ ಅಲ್ಲಾಡುತ್ತದೋ ಎಂದು ನೋಡಿ ನೋಡಿ ರೂಢಿಯಾಗಿ, ಹನುಮವ್ವ ನೆಲದ ಮೇಲೂ ಎಡಗಾಲಿನ ತುದಿ ಮೊದಲು ತಾಗಿಸಿ, ಚೂರು ತಡೆದು, ಆಮೇಲೆ ಮೈಭಾರ ಬಿಡುತ್ತಿದ್ದಳು. ಟಕ್. ತುಸು ಸುಮ್ಮನೆ. ಧಪ್.

ಯಂತ್ರದ ಯಜಮಾನರು ಶೇಖರ ಸಾಹೇಬರು, ಧಾರವಾಡದ ಕಡೆಯವರು. ವಿದ್ಯೆ ಎಷ್ಟು ಹೆಚ್ಚಾಗಿತ್ತೆಂದರೆ ತಲೆಯ ಮೇಲೆ ಕೂದಲಿಗೆ ಜಾಗ ಉಳಿದಿರಲಿಲ್ಲ. ಒಂದು ದಿನ ಅವರು ಸಿನಿಮಾ ಕ್ಯಾಮೆರಾ ತಂದು ಹನುಮವ್ವನನ್ನು ಕರೆದರು. ಮೊಣಕಾಲಿಗೆ, ಹಿಮ್ಮಡಿಗೆ, ಸೊಂಟಕ್ಕೆ ಬಿಳಿ ಪಟ್ಟಿ ಅಂಟಿಸಿಕೊಂಡು ನಡೆಯಬೇಕು, ಅಷ್ಟೆ.

"ನನ್ನ ಕಾಲಾಗ ಏನೈತ್ರೀ ಸಾಹೇಬ್ರ? ನಿಮಗೂ ಎರಡ ಅದಾವ, ನನಗೂ ಎರಡ ಅದಾವ" ಎಂದು ಹನುಮವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

"ನನ್ನ ಕಾಲು ಸಪಾಟು ನೆಲದಾಗ ಎಡವತಾವವ್ವ. ನೀ ತಲಿ ಮ್ಯಾಲೆ ಇಟ್ಟಂಗಿ ಹೊತ್ಕೊಂಡು ಬಿದಿರಿನ ಮ್ಯಾಲೆ ನಡೀತಿ. ನನ್ನ ಯಂತ್ರಕ್ಕ ನಿನ್ನ ನಡಿಗಿ ಬೇಕು."

"ತಗೋರಿ ಹಂಗಾದ್ರ. ಆದ್ರ ಹೊಳ್ಳಿ ಕೊಡ್ರಿ ಮತ್ತ, ಸಂಜಿಗೆ ಮನಿಗೆ ಹೋಗಬೇಕು" ಎಂದಳು. ನೋಡಲು ಹೋಗಿದ್ದ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನು ನಕ್ಕದ್ದಕ್ಕೆ ಷೆಡ್ಡಿನ ತಗಡು ಹಾರಿಹೋಯಿತು.

ಅದು ರೇಲ್ವೆ ಮುಷ್ಕರದ ವರ್ಷ. ಆ ಮಳೆಗಾಲದಲ್ಲಿ ಹನುಮವ್ವನಿಗೆ ಕಾಮಣಿ ಆಯಿತು. ಕಣ್ಣು, ಉಗುರು ಎಲ್ಲ ಅರಿಸಿನ ಹಚ್ಚಿದಂತೆ. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಈ ಮಾತಿನಲ್ಲಿ ನಾನು ಏನೂ ಸೇರಿಸಿಲ್ಲ.

ಕಾಕಾ ಆಮೇಲೆ ಇಟ್ಟಿಗೆ ಬಿಟ್ಟು ಸಂಸ್ಥೆಯಲ್ಲೇ ನೀರು ತುಂಬುವ, ಕಸ ಹೊಡೆಯುವ ಕೆಲಸಕ್ಕೆ ಸೇರಿದ. ನನ್ನನ್ನೂ ಸೇರಿಸಿದ. (ನೋಡಿ, ಬೀಬೀಜಾನಳ ಮಾತೇ ಮೇಲಾಯಿತು. ಇರಲಿ.) ಶೇಖರ ಸಾಹೇಬರು ಹನುಮವ್ವನ ನಡಿಗೆಯ ಆ ರೀಲನ್ನು ಗೋಡೆಯ ಮೇಲೆ ಬಿಟ್ಟು ಒಂದೊಂದೇ ಚಿತ್ರ ನಿಲ್ಲಿಸಿ ಅಳತೆ ತೆಗೆದರು. ಅಳತೆಯ ಪ್ರಕಾರ ಉಕ್ಕಿನ ತಟ್ಟೆಗಳ ಅಂಚು ಕೊರೆಸಿದರು. ತಟ್ಟೆ ತಿರುಗಿದಂತೆ ಅದರ ಉಬ್ಬುತಗ್ಗು ವಾಲ್ವು ಒತ್ತುವುದು, ಕಂಪ್ರೆಸರಿನ ಗಾಳಿ ನುಗ್ಗಿ ಯಂತ್ರದ ಮೊಣಕಾಲು ಮಡಚುವುದು, ಪಾದ ಏಳುವುದು. ಉಳಿದ ದೇಹವೆಲ್ಲ ನನ್ನದೇ ಕೆತ್ತನೆ: ಹೆಂಗಸಿನ ಎತ್ತರ, ಕಬ್ಬಿಣದ ಸೊಂಟ, ಮೇಲೆ ಒಂದು ಪೆಟ್ಟಿಗೆ, ಲಾರಿ ಟೈರು ಕತ್ತರಿಸಿ ಮಾಡಿದ ಅಂಗಾಲು. ತಲೆ ಇರಲಿಲ್ಲ. ನಾನು ಇಡುತ್ತಿದ್ದೆ, ಆದರೆ ಅದಕ್ಕೆ ನನಗಿಂತ ಬುದ್ಧಿ ಬಂದು ನಮ್ಮ ಸಂಸ್ಥೆಯವರೆಲ್ಲ ಮನೆಗೆ ಹೋಗಬೇಕಾದೀತೆಂದು ಬಿಟ್ಟೆ.

ಅದು ಮೊದಲ ಸಲ ನಡೆದ ದಿನ ಕಾಕಾ ಮೂಲೆಯಲ್ಲಿ, ನಮ್ಮ ಕಡೆ ಬೆನ್ನು ಮಾಡಿ, ಮಡಕೆಗೆ ನೀರು ಸುರಿಯುತ್ತಿದ್ದ. ಸಾಹೇಬರು ಸ್ವಿಚ್ ಒತ್ತಿದರು. ಗಾಳಿ ಬುಸ್ಸೆಂದಿತು.

ಟಕ್. ತುಸು ಸುಮ್ಮನೆ. ಧಪ್.

ಮಡಕೆ ತುಂಬಿ ನೀರು ಹೊರಗೆ ಹರಿಯಿತು. ಕಾಕಾ ಕೊಡ ಎತ್ತಲಿಲ್ಲ, ತಿರುಗಲೂ ಇಲ್ಲ.

"ಚಾಂದ್ಯಾ," ಎಂದ ಗೋಡೆಗೇ ಮುಖ ಮಾಡಿ, "ಅಕಿ ಬಂದಾಳಲ್ಲೋ."

"ಕಾಕಾ, ಅದು ಮಷಿನ್ನು."

"ಮಷಿನ್ನು ಇರ್ಲಿ. ಬರಾಕತ್ತಿದ್ದು ಅಕಿ."

ಅಂದಿನಿಂದ ಕೆಲಸ ಮುಗಿದ ಮೇಲೆ ಸಾಹೇಬರು ಯಂತ್ರವನ್ನು ಷೆಡ್ಡಿನ ಆ ತುದಿಯಿಂದ ಈ ತುದಿಗೆ ನಡೆಸುವಾಗ ಕಾಕಾ ಅದರ ಮುಂದೆ ನಡೆಯುತ್ತಿದ್ದ. ಕೈ ಹಿಂದೆ ಕಟ್ಟಿಕೊಂಡು, ನಾಲ್ಕು ಮಾರು ಮುಂದೆ, ತಿರುಗಿ ನೋಡದೆ. ಸಾಹೇಬರು ಬೇಡವೆನ್ನಲಿಲ್ಲ. ಯಂತ್ರ ಬೀಳದಂತೆ ಮೇಲಿನಿಂದ ಕಟ್ಟಿದ ಸರಪಳಿ ಹಿಡಿದುಕೊಂಡು ನಾನು ಪಕ್ಕದಲ್ಲಿ ಹೋಗುತ್ತಿದ್ದೆ. ಚೇಷ್ಟೆ ನನ್ನ ರಕ್ತದಲ್ಲಿದೆ, ಏನಾದರೂ ಅನ್ನದಿದ್ದರೆ ಹೊಟ್ಟೆನೋವು ಬರುತ್ತದೆ. "ಕಾಕಾ, ಸಾವಕಾಶ ನಡಿ, ಕಾಕಿ ಹಿಂದ ಉಳೀತಾಳ" ಎಂದೆ ಒಮ್ಮೆ. ಅವನು ನಿಜವಾಗಿಯೂ ನಿಧಾನ ಮಾಡಿದ. ಮತ್ತೆ ನಾನು ಚೇಷ್ಟೆ ಮಾಡಲಿಲ್ಲ. ಹೊಟ್ಟೆನೋವು ತಡೆದುಕೊಂಡೆ.

ಹಾಗಿರುವಾಗ ದಿಲ್ಲಿಯಿಂದ ಸುದ್ದಿ ಬಂತು. ಯಂತ್ರಕ್ಕೆ ಹಣ ಕೊಡುವ ಕಮಿಟಿಯ ದೊಡ್ಡವರು ಬಂದು ನೋಡುತ್ತಾರೆ. ಸರಪಳಿ ಇಲ್ಲದೆ ಯಂತ್ರ ಈ ಗೋಡೆಯಿಂದ ಆ ಗೋಡೆಗೆ ಹೋದರೆ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ಷೆಡ್ಡು ಇನ್ನೊಂದು ವಿಭಾಗಕ್ಕೆ, ಯಂತ್ರ ಭಂಗಾರಿಗೆ.

"ಭಂಗಾರಿಗೆ ಅಂದ್ರ?" ಎಂದ ಕಾಕಾ.

"ಬಿಚ್ಚಿ ಮಾರತಾರ" ಎಂದರು ಸಾಹೇಬರು, ಬೇರೆ ಕಡೆ ನೋಡುತ್ತ.

"ನಡದ್ರ?"

"ನಡದ್ರ ಇಲ್ಲೇ ಇರ್ತದ, ಧರ್ಮಣ್ಣ."

"ನಡೀತಾಳ ತಗೋರಿ" ಎಂದ ಕಾಕಾ. "ಮೂರು ಮಾಳಿಗಿ ಮ್ಯಾಲೆ ನಡದಾಕಿ."

ಖಂಡೆನವಮಿಯ ಮರುವಾರ ಕಮಿಟಿ ಬಂತು. ಷೆಡ್ಡನ್ನು ನಾನು ಎಷ್ಟು ಗುಡಿಸಿದ್ದೆನೆಂದರೆ ನೆಲದಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದಿತ್ತು. ಯಂತ್ರದ ಮೇಲೆ ಪಾದದವರೆಗೂ ಇಳಿಬಿದ್ದ ಹಸಿರು ಬಟ್ಟೆ ಹೊದಿಸಿತ್ತು. ದೊಡ್ಡವರೇ ಅದನ್ನು ಎಳೆಯಬೇಕೆಂದು ಸಾಹೇಬರ ಏರ್ಪಾಡು. ಬಂದವರಲ್ಲಿ ಹಿರಿಯರು ಗಡಿಯಾರ ನೋಡುತ್ತಲೇ ಒಳಗೆ ಬಂದರು. ಅವರಿಗೆ ವಿಮಾನಕ್ಕೆ ಹೋಗಬೇಕಿತ್ತು.

ಕಾಕಾ ಬಾಗಿಲ ಬಳಿ ನಿಂತಿದ್ದ. ಅವತ್ತು ಮುಂದೆ ನಡೆಯುವುದು ಬೇಡವೆಂದು ಸಾಹೇಬರು ಕೈಮುಗಿದು ಹೇಳಿದ್ದರು.

ಬಟ್ಟೆಯ ತುದಿಯನ್ನು ಹಿರಿಯರ ಕೈಗೆ ಕೊಟ್ಟು ಸಾಹೇಬರು ಸ್ವಿಚ್ಚಿನ ಹತ್ತಿರ ಹೋದರು. ಬಟ್ಟೆ ಜಾರಿತು. ಜನ ಚಪ್ಪಾಳೆ ಹೊಡೆದರು. ಸಾಹೇಬರ ಬೆರಳು ಒತ್ತಿತು. ಅದೇ ಹೊತ್ತಿಗೆ ನನಗೆ ಕಂಡಿತು. ಎರಡೂ ಅಂಗಾಲಿನ ಮುಂದೆ, ತುದಿಗೆ ತಾಗಿಸಿ, ಒಂದೊಂದು ನಿಂಬೆಹಣ್ಣು. ಕುಂಕುಮ ಹಚ್ಚಿದ್ದು. ಹೊಸ ಲಾರಿ ಮೊದಲ ಸಲ ಹೊರಟಾಗ ಗಾಲಿಗೆ ಇಡುತ್ತಾರಲ್ಲ, ಹಾಗೆ.

"ಸಾಹೇಬ್ರ!" ಎಂದು ನಾನು ಕೂಗಿದೆ. ನನ್ನ ಕೂಗನ್ನು ಸೈರನ್ನೆಂದು ತಿಳಿದು ಭಾಂಡುಪಿನ ಕಾರ್ಖಾನೆಗಳು ಪಾಳಿ ಬಿಡಬೇಕಿತ್ತು. ಆ ದಿನ ಅದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಸರಪಳಿಯನ್ನೂ ಬಿಚ್ಚಿಟ್ಟಿದ್ದೆವು. ನನ್ನ ಎರಡೂ ಕೈ ಖಾಲಿ.

ಎಡಗಾಲು ಎದ್ದಿತು. ತುದಿ ಕೆಳಗೆ ಬಂದು ನಿಂಬೆಹಣ್ಣಿನ ಮೇಲೆ ತಾಗಿತು. ಚೂರು ತಡೆಯಿತು. ಹಲಗೆ ಅಲ್ಲಾಡುತ್ತದೋ ಎಂದು ಹನುಮವ್ವ ನೋಡುತ್ತಿದ್ದಳಲ್ಲ, ಹಾಗೆಯೇ. ಅಲ್ಲಾಡಿದ್ದರೆ ಅವಳು ಕಾಲು ಹಿಂದೆ ತೆಗೆಯುತ್ತಿದ್ದಳು. ಉಕ್ಕಿನ ತಟ್ಟೆಗೆ ಅದು ಗೊತ್ತಿಲ್ಲ. ಭಾರ ಬಿಟ್ಟಿತು. ಹಣ್ಣು ಒಡೆದು ರಸ ಹಿರಿಯರ ಪ್ಯಾಂಟಿಗೆ ಹಾರಿತು, ಟೈರು ಜಾರಿತು, ಯಂತ್ರ ಪಕ್ಕಕ್ಕೆ ಉರುಳಿತು. ಆ ಸದ್ದನ್ನು ನಾನು ದೊಡ್ಡದು ಮಾಡಿ ಹೇಳಲಾರೆ.

"ಯಾರು ಇಟ್ಟಿದ್ದು?" ಎಂದರು ಸಾಹೇಬರು. ದನಿ ಮಗುವಿನದಾಗಿತ್ತು.

"ನಾನ ಇಟ್ಟೇನ್ರೀ" ಎಂದ ಕಾಕಾ ಬಾಗಿಲಿಂದ. "ಇಷ್ಟು ಮಂದಿ ನೋಡಾವ್ರಿದ್ರಲ್ಲ. ಅಕಿಗೆ ದೃಷ್ಟಿ ತಾಕಬಾರದಂತ."

ಹಿರಿಯರು ಕರವಸ್ತ್ರದಿಂದ ಪ್ಯಾಂಟು ಒರೆಸಿಕೊಂಡು, "ಬಂದ್ ಕರೋ ಯೇ ತಮಾಷಾ" ಎಂದರು. ಅವರ ಜೊತೆಗಿದ್ದ ನಮ್ಮ ಆಫೀಸಿನ ಪ್ಯೂನು ಪರಪ್ಪ ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿಬಿಟ್ಟ. ಕಂಪ್ರೆಸರು ಉಸಿರು ಕಟ್ಟಿ ನಿಂತಿತು. ಕಮಿಟಿ ವಿಮಾನಕ್ಕೆ ಹೊರಟಿತು.

ಆದರೆ ಕಂಪ್ರೆಸರು ತುಂಬಿಟ್ಟ ಟ್ಯಾಂಕಿನಲ್ಲಿ ಇನ್ನೂ ಗಾಳಿ ಇತ್ತಲ್ಲ. ಗಾಳಿಯಿಂದಲೇ ತಟ್ಟೆ ತಿರುಗಬೇಕೆಂದು ಮಾಡಿದ್ದೆವು. ಯಂತ್ರ ಪಕ್ಕಕ್ಕೆ ಬಿದ್ದುಕೊಂಡೇ ನಡೆಯುತ್ತಿತ್ತು. ನೆಲ ಸಿಗದ ಕಾಲುಗಳು ಗಾಳಿಯಲ್ಲೇ ಮಡಚಿ, ಚಾಚಿ, ತಡೆದು, ಇಳಿದು. ಸಾಹೇಬರು ವಾಲ್ವು ಮುಚ್ಚಲು ಬಗ್ಗಿದರು.

"ಬ್ಯಾಡ್ರೀ ಸಾಹೇಬ್ರ" ಎಂದ ಕಾಕಾ. "ಇರ್ಲಿ."

ಅವನು ಬಂದು ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತ. ಟ್ಯಾಂಕಿನ ಗಾಳಿ ತೋರಿಸುವ ಮುಳ್ಳು ಇಳಿಯುತ್ತಿತ್ತು. ಹೆಜ್ಜೆಯಿಂದ ಹೆಜ್ಜೆಗೆ ತಡೆ ಉದ್ದವಾಗುತ್ತಿತ್ತು. ಸಾಹೇಬರು ಮುಳ್ಳನ್ನೇ ನೋಡುತ್ತ ನಿಂತಿದ್ದರು. ನಾನು ಮೇನ್ ಸ್ವಿಚ್ಚಿಗೆ ಹೋದೆ.

"ಪರಪ್ಪಾ, ಬಾಜೂಕ ಸರಿ."

"ಆರ್ಡರ್ ಐತಿ, ಚಾಂದಸಾಬ. ನನ್ನ ನೌಕರಿ ಹೋಗ್ತೈತಿ" ಎಂದು ಅವನು ಸ್ವಿಚ್ಚಿಗೆ ಬೆನ್ನು ಒತ್ತಿ ನಿಂತ. ಅವನ ಕಣ್ಣಲ್ಲೂ ನೀರಿತ್ತು. ಅಂಥವನನ್ನು ಹೇಗೆ ತಳ್ಳುವುದು?

"ಚಾಂದ್ಯಾ," ಎಂದ ಕಾಕಾ, ತಿರುಗದೆಯೇ. "ನಿನಗ ಬರದಿದ್ದುದು ಏನೈತೋ? ಗಾಳಿ ತುಂಬು."

ಟ್ಯಾಂಕಿಗೆ ಹೋಗುವ ರಬ್ಬರು ಪೈಪನ್ನು ನಾನು ಕಂಪ್ರೆಸರಿನಿಂದ ಕಿತ್ತೆ. ಅದರ ಬಾಯನ್ನು ನನ್ನ ಬಾಯಿಗೆ ಇಟ್ಟುಕೊಂಡೆ. ಊದಿದೆ. ಕೆನ್ನೆ ಬಿರಿಯುವಂತೆ, ಕಿವಿಯಲ್ಲಿ ಗಂಟೆ ಬಡಿಯುವಂತೆ ಊದಿದೆ. ಪೈಪಿನಲ್ಲಿ ಎಣ್ಣೆಯ ಕಹಿ ಇತ್ತು. ಮುಳ್ಳು ಅಲ್ಲಾಡಲಿಲ್ಲ. ಎಡಗಾಲು ಅರ್ಧ ಎದ್ದು ನಿಂತಿತ್ತು, ತುದಿ ಕೆಳಮುಖವಾಗಿ.

"ಇನ್ನೊಂದೀಟು" ಎಂದ ಕಾಕಾ. "ಕೇಳಸವಲ್ದು. ಇನ್ನೊಂದೀಟು ಊದು."

ನಾನು ಊದುತ್ತಲೇ ಇದ್ದೆ.