ಕೇಳದ ಟೊಳ್ಳು

"ಕಿವಿಯಲ್ಲೇನು ಹೂವಿಟ್ಕೊಂಡಿದ್ದೀಯೇನೋ ಬೋಳಿಮಗನೇ! ಎಷ್ಟು ಸಲ ಬಡ್ಕೊಳ್ಳೋದು? ದೋಣಿ ಆಯ್ತೋ ಇಲ್ವೋ?"

ಸಾಹುಕಾರ ಶೆಡ್ಡಿನ ತಗಡು ಅದುರುವಂತೆ ಕಿರುಚಿದ. ಕಿರುಚಿದ್ದಕ್ಕೇ ಕೇಳಿಸಿತು. ಫೈಬರ್ ದೋಣಿಯ ತಳದಡಿ ಕೂತಿದ್ದ ಸುತ್ತಿಗೆಯಣ್ಣ ತಲೆಯಾಡಿಸಿದ. ಒಡೆದ ಜಾಗಕ್ಕೆ ಗಾಜಿನ ಎಳೆಯ ಬಟ್ಟೆ ಹಾಸಿ, ಅಂಟು ಬಳಿದು, ಒಣಗಿದ ಮೇಲೆ ತಟ್ಟಿ ನೋಡುವುದು ಅವನ ಕೆಲಸ. ಗಟ್ಟಿಯಿದ್ದರೆ ಟಣ್ ಅನ್ನಬೇಕು, ಒಳಗೆ ಪದರ ಬಿಟ್ಟಿದ್ದರೆ ದಬ್. ಉಜ್ಜುವ ಮಶೀನಿನ ಪಕ್ಕದಲ್ಲೇ ಆಯುಷ್ಯ ಸವೆಸಿದವನಿಗೆ ಈಗ ಟಣ್ಣೂ ಇಲ್ಲ, ದಬ್ಬೂ ಇಲ್ಲ. ಆದರೂ ತಟ್ಟುತ್ತಾನೆ, "ಗಟ್ಟಿ" ಅನ್ನುತ್ತಾನೆ. ಕಿವಿ ಹೋಯಿತು ಅಂದರೆ ಹೊಟ್ಟೆಪಾಡೂ ಹೋಯಿತು, ಬಾಯಿ ಬಿಡುವುದು ಹೇಗೆ?

ಹಾಗಂತ ಸುಮ್ಮನಿರಲು ಮನಸ್ಸು ಬಿಟ್ಟರೆ ತಾನೆ? ಇವತ್ತು ದೋಣಿ ಒಯ್ಯಲು ಬಂದವನು ಹೆಂಡತಿಯ ತಮ್ಮ. ದೋಣಿ ಸಾಹುಕಾರನದು, ನೀರಿಗಿಳಿಯುವ ಜೀವ ಮಾತ್ರ ಆ ಬಾಮೈದನದು.

"ಭಾವ, ನೀನೇ ತಟ್ಟಿದೀಯಲ್ಲ, ಇನ್ನೇನು! ಕಣ್ಮುಚ್ಕೊಂಡು ಹೋಗ್ತೀನಿ," ಎಂದು ಬಾಮೈದ ನಕ್ಕ.

ತುಟಿ ನೋಡಿ ಮಾತು ಹಿಡಿದ ಸುತ್ತಿಗೆಯಣ್ಣನಿಗೆ ಅವನ ಆ ನಗು ಸಹಿಸಲಾಗಲಿಲ್ಲ. ಪಾಪಿ ನಾನು, ಅಂದುಕೊಂಡ. ನಾಲಿಗೆ ಈ ಸಲ ಸುಳ್ಳಿಗೆ ಹೊರಳಲಿಲ್ಲ.

"ನನಗೆ ಕೇಳ್ಸಲ್ಲ ಕಣೋ. ಕೇಳ್ಸದೆ ಬಹಳ ಕಾಲ ಆಯ್ತು. ಬಾಯಿಗೆ ಬಂದಂಗೆ ಗಟ್ಟಿ ಗಟ್ಟಿ ಅಂದೆ. ನಾನು ತಟ್ತೀನಿ, ನೀನು ಕೇಳು."

ತಟ್ಟುತ್ತಾ ಹೋದ. ಕಣ್ಣು ಬಾಮೈದನ ಮುಖದ ಮೇಲೇ ಇತ್ತು. ತಳದ ತೇಪೆಗೆ ಬಂದಾಗ ಆ ಮುಖ ಕಪ್ಪಿಟ್ಟಿತು.

"ದಬ್ ಅಂತಿದೆ ಭಾವ. ಇಲ್ಲೂ ಅಷ್ಟೇ... ಅಯ್ಯೋ, ಇಲ್ಲೂ."

ಸಾಹುಕಾರ ಬಂದು ಸುತ್ತಿಗೆಯಣ್ಣನ ಕಿವಿ ಹಿಂಡಿ, ಅದರೊಳಗೇ ಕೂಗಿದ: "ಕೇಳ್ಸಲ್ಲ ಅಂತ ನನಗೆ ಗೊತ್ತಿಲ್ವೇನೋ ಲೌಡಿಮಗನೇ? ಕೇಳ್ಸೋ ಹಾಗಿದ್ದಿದ್ರೆ ನಿನ್ನನ್ನ ಯಾಕೋ ಇಟ್ಕೋತಿದ್ದೆ? ಸರಿ ಇದೆ ಅನ್ನು, ದೋಣಿ ಹೊರಡ್ಲಿ."

ಸುತ್ತಿಗೆಯಣ್ಣ ಕೊಸರಿಕೊಂಡ. ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆ ಎತ್ತಿ ತೇಪೆಯ ಮೇಲೆ ಬೀಸಿದ. ಬಣ್ಣದ ಹೊರಮೈ ಬಿರಿದು, ಬಿಟ್ಟುಕೊಂಡ ಪದರದೊಳಗೆ ನಿಂತಿದ್ದ ನೀರು ಸೋರಿತು. ಇನ್ನೊಂದು ಏಟು ಹಾಕಿದ. ಸಾಹುಕಾರನ ಬಾಯಿ ಆಡುತ್ತಲೇ ಇತ್ತು, ಏನು ಬೈದನೋ ಇವನಿಗೆ ಬೇಕಾಗಿರಲಿಲ್ಲ.

"ಬಾರೋ, ದಡದಲ್ಲಿರೋವೆಲ್ಲ ತಟ್ಟೋಣ. ನೀನು ಕೇಳು," ಎಂದು ಬಾಮೈದನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದ.

ಇವನು ಗಟ್ಟಿ ಎಂದು ಕಳಿಸಿದ ದೋಣಿಗಳು ದಡದಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಸಾಲಿನ ಅರ್ಧ ಜಾಗ ಖಾಲಿಯಿತ್ತು. ಅಲ್ಲಿದ್ದ ದೋಣಿಗಳು ಬೆಳಿಗ್ಗೆಯೇ ನೀರಿಗೆ ಹೋಗಿದ್ದವು.